ಹಲ್ಲಿನ ಮದ್ದಿಗೆ ವಿಮೆ ಎಷ್ಟರವರೆಗೆ? ಚೀಟಿ ಬರೆಸುವ ಮೊದಲು ನೋಡಿಕೊಳ್ಳಬೇಕಾದದ್ದು

ಹಲ್ಲು ನೋವೆಂದು ಕ್ಲಿನಿಕ್ಕಿಗೆ ಹೋದಿರಿ. ಡಾಕ್ಟರು ಮದ್ದು ಬರೆದರು. ಅಂದೇ ಮನೆಗೆ ಬಂದಿರಿ. ಈ ಮದ್ದಿನ ಹಣ ಸಾಮಾನ್ಯ ಆರೋಗ್ಯ ವಿಮೆಯಿಂದ ವಾಪಸ್ ಬರುವುದಿಲ್ಲ. ಪಾಲಿಸಿ ಐದು ಲಕ್ಷದ್ದೇ ಇರಲಿ, ಹತ್ತು ಲಕ್ಷದ್ದೇ ಇರಲಿ, ಹೆಚ್ಚಿನವರಿಗೆ ಉತ್ತರ ಇದೇ. ಮೊದಲೇ ಹೇಳಿಬಿಡುತ್ತೇನೆ. ಬಿಲ್ಲುಗಳನ್ನೆಲ್ಲ ಜೋಪಾನ ಮಾಡಿಟ್ಟು, ಆಮೇಲೆ ಏನೂ ಸಿಗದೆ ಬೇಸರ ಮಾಡಿಕೊಳ್ಳುವವರನ್ನು ನಾನು ಯಾವಾಗಲೂ ನೋಡುತ್ತಿರುತ್ತೇನೆ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಪೇಟೆಯ ಒಂದು ಮದ್ದಿನಂಗಡಿಯಲ್ಲಿ ಫಾರ್ಮಸಿಸ್ಟ್. ಪೈವಳಿಕೆ, ಬಂದ್ಯೋಡು, ಸೀತಾಂಗೋಳಿ, ಬದಿಯಡ್ಕ ಕಡೆಯವರೆಲ್ಲ ಬರುತ್ತಾರೆ. ಕೆಲವರದ್ದು ಕಾಸರಗೋಡಿನ ಚೀಟಿ, ಕೆಲವರದ್ದು ಮಂಗಳೂರು, ದೇರಳಕಟ್ಟೆಯದ್ದು. ಹಲ್ಲಿನ ಚೀಟಿ ತಂದವರು ಕೇಳುವ ಪ್ರಶ್ನೆ ಮಾತ್ರ ಒಂದೇ: "ಅಕ್ಕಾ, ಇದು ಇನ್ಶೂರೆನ್ಸಿಗೆ ಆಗ್ತದಾ?" ಕೌಂಟರಿನಲ್ಲಿ ನಿಂತು ಒಬ್ಬೊಬ್ಬರಿಗೆ ಹೇಳುವಷ್ಟು ಹೊತ್ತು ಇರುವುದಿಲ್ಲ. ಹಾಗಾಗಿ ನಾನು ಹೇಳುವುದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಮದ್ದಿನ ಹೆಸರಿಗಿಂತ ಮೊದಲು ನೋಡುವುದು ಬೇರೆ

ವಿಮೆಯವರು ಮದ್ದಿನ ಹೆಸರನ್ನು ಕೊನೆಗೆ ನೋಡುತ್ತಾರೆ. ಮೊದಲು ನೋಡುವುದು ಎರಡು ಸಂಗತಿ. ಚಿಕಿತ್ಸೆ ಎಲ್ಲಿ ಆಯಿತು? ಯಾಕೆ ಆಯಿತು?

ಎಲ್ಲಿ ಎನ್ನುವುದು ದೊಡ್ಡ ಪ್ರಶ್ನೆ. ವಿಮೆಯ ಲೆಕ್ಕದಲ್ಲಿ ಆಸ್ಪತ್ರೆ ಎಂದರೆ ರೋಗಿಯನ್ನು ಸೇರಿಸಿಕೊಂಡು ನೋಡಿಕೊಳ್ಳುವ ಜಾಗ. ಅದು ಕಾನೂನು ಪ್ರಕಾರ ಆಸ್ಪತ್ರೆಯೆಂದು ನೋಂದಣಿ ಆಗಿರಬೇಕು. ಇಲ್ಲದಿದ್ದರೆ ಹತ್ತು ಲಕ್ಷಕ್ಕಿಂತ ಕಡಿಮೆ ಜನ ಇರುವ ಊರಿನಲ್ಲಿ ಕನಿಷ್ಠ 10 ಹಾಸಿಗೆ, ಬೇರೆ ಕಡೆ 15 ಹಾಸಿಗೆ ಇರಬೇಕು. ದಿನದ 24 ಗಂಟೆಯೂ ಡಾಕ್ಟರು, ನರ್ಸ್ ಇರಬೇಕು. ಸ್ವಂತ ಆಪರೇಷನ್ ಥಿಯೇಟರ್ ಇರಬೇಕು. ಒಂದೆರಡು ಕುರ್ಚಿ ಇರುವ ಹಲ್ಲಿನ ಕ್ಲಿನಿಕ್ ಈ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿನ ಡಾಕ್ಟರು ಎಷ್ಟು ಒಳ್ಳೆಯವರು ಎನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅಲ್ಲಿ ಆಗುವುದೆಲ್ಲ ಓಪಿ, ಅಂದರೆ ಸೇರದೆ ಬಂದು ಹೋಗುವ ಚಿಕಿತ್ಸೆ. ಹೆಚ್ಚಿನ ಪಾಲಿಸಿಗಳು ಓಪಿಗೆ ಹಣ ಕೊಡುವುದಿಲ್ಲ.

ಒಂದು ಉದಾಹರಣೆ ನೋಡಿ. ಅಮಾಕ್ಸಿಸಿಲಿನ್ ಮತ್ತು ಕ್ಲಾವುಲಾನಿಕ್ ಆಸಿಡ್ ಸೇರಿದ 625ರ ಮಾತ್ರೆ ಹಲ್ಲಿನ ಚೀಟಿಯಲ್ಲಿ ತುಂಬ ಬರುತ್ತದೆ. ಕ್ಲಿನಿಕ್ಕಿನಲ್ಲಿ ಹಲ್ಲು ಕೀಳಿಸಿಕೊಂಡು ಬಂದವರು ಇದನ್ನು ತೆಗೆದುಕೊಂಡರೆ ವಿಮೆಯಿಂದ ಒಂದು ರೂಪಾಯಿ ಇಲ್ಲ. ದವಡೆ ಮುರಿದು, ಆಸ್ಪತ್ರೆಗೆ ಸೇರಿ, ಪ್ಲೇಟ್ ಹಾಕಿಸಿಕೊಂಡು ಬಂದವರು ಅದೇ ಮಾತ್ರೆಯನ್ನು ಅದೇ ಅಂಗಡಿಯಿಂದ ತೆಗೆದುಕೊಂಡರೆ ಹಣ ಸಿಗುತ್ತದೆ. ಹಣ ಬರುವುದು ಆಸ್ಪತ್ರೆಗೆ ಸೇರಿದ್ದರಿಂದ. ಮಾತ್ರೆ ಅದರ ಹಿಂದೆ ಬರುತ್ತದೆ, ಅಷ್ಟೇ.

ನಡುವೆ ಡೇ ಕೇರ್ ಎನ್ನುವುದೂ ಒಂದಿದೆ. ಅರಿವಳಿಕೆ ಕೊಟ್ಟು ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ, 24 ಗಂಟೆಯ ಒಳಗೆ ಮನೆಗೆ ಕಳಿಸುವುದು. ಅಡ್ಡ ಬೆಳೆದು ಎಲುಬಿನೊಳಗೆ ಸಿಕ್ಕಿಕೊಂಡ ಬುದ್ಧಿ ಹಲ್ಲನ್ನು ಪೂರ್ತಿ ಅರಿವಳಿಕೆ ಕೊಟ್ಟು ತೆಗೆದರೆ ಕೆಲವು ಪಾಲಿಸಿಗಳಲ್ಲಿ ಇದರ ಅಡಿ ಬರಬಹುದು. ಆದರೆ ಸಾಮಾನ್ಯವಾಗಿ ಓಪಿಯಲ್ಲೇ ಆಗುವ ಚಿಕಿತ್ಸೆಯನ್ನು ಡೇ ಕೇರ್ ಎಂದು ಒಪ್ಪುವುದಿಲ್ಲ. ಆಪರೇಷನ್ ದಿನ ಗೊತ್ತು ಮಾಡುವ ಮೊದಲೇ ಕಂಪನಿಗೆ ಬರೆದು ಕೇಳಿ. ಉತ್ತರವೂ ಬರಹದಲ್ಲೇ ಇರಲಿ. ಫೋನಿನಲ್ಲಿ ಹೇಳಿದ ಮಾತು ಆಮೇಲೆ ಉಪಯೋಗಕ್ಕೆ ಬರುವುದಿಲ್ಲ.

ಇನ್ನು ಯಾಕೆ ಎನ್ನುವ ಪ್ರಶ್ನೆ. ತುಂಬ ಪಾಲಿಸಿಗಳು ಹಲ್ಲಿನ ಚಿಕಿತ್ಸೆಯನ್ನು ಪೂರ್ತಿ ಹೊರಗಿಡುತ್ತವೆ. ಅಪಘಾತದಿಂದ ಪೆಟ್ಟಾಗಿ ಆಸ್ಪತ್ರೆಗೆ ಸೇರಿದರೆ ಮಾತ್ರ ಒಳಗೆ ಬಿಡುತ್ತವೆ. ನಮ್ಮ ಕಡೆ ಇದು ಅಪರೂಪ ಅಲ್ಲ. ಅಡಿಕೆ ಕೊಯ್ಯಲು ಮರ ಹತ್ತಿ ಬೀಳುವವರಿದ್ದಾರೆ. ಹೈವೇಯಲ್ಲಿ ಸ್ಕೂಟರ್ ಜಾರಿ ಬೀಳುವವರಿದ್ದಾರೆ. ಇಂಥವರ ಡಿಸ್ಚಾರ್ಜ್ ಸಮ್ಮರಿಯಲ್ಲಿ, ಅಂದರೆ ಬಿಡುಗಡೆಯಾಗುವಾಗ ಆಸ್ಪತ್ರೆ ಕೊಡುವ ಚಿಕಿತ್ಸೆಯ ವಿವರದ ಹಾಳೆಯಲ್ಲಿ, ಪೆಟ್ಟು ಹೇಗಾಯಿತು ಎಂದು ಬರೆದಿರಲೇಬೇಕು. ಸುಮ್ನೆ "ದವಡೆ ಮುರಿತ" ಎಂದಿದ್ದರೆ ಸಾಲದು. "ಇಂಥ ದಿನ ಅಡಿಕೆ ಮರದಿಂದ ಬಿದ್ದು ಕೆಳದವಡೆ ಮುರಿದಿದೆ" ಎಂದು ಇರಬೇಕು. ಆಸ್ಪತ್ರೆಯಿಂದ ಹೊರಡುವ ಮೊದಲು ಆ ಸಾಲು ಇದೆಯಾ ಎಂದು ಓದಿ ನೋಡಿ. ಇಲ್ಲದಿದ್ದರೆ ಅಲ್ಲೇ ನಿಂತು ಬರೆಸಿ.

ನಿಮ್ಮ ಪಾಲಿಸಿಯಲ್ಲಿ ಏನಿದೆ ಎಂದು ನೋಡುವುದು

ಪಾಲಿಸಿಯ ಪುಸ್ತಕ ದಪ್ಪ ಇರುತ್ತದೆ, ಇಂಗ್ಲಿಷಿನಲ್ಲಿ ಇರುತ್ತದೆ. ಅದನ್ನು ಪೂರ್ತಿ ಓದಲು ಹೋಗಬೇಡಿ. ಅದರ ಜೊತೆ ಕೆಲವೇ ಪುಟದ ಗ್ರಾಹಕ ಮಾಹಿತಿ ಹಾಳೆ ಕೊಡುತ್ತಾರೆ. ಕಸ್ಟಮರ್ ಇನ್ಫರ್ಮೇಷನ್ ಶೀಟ್ ಎಂದು ಕೇಳಿ. ಯಾವುದಕ್ಕೆ ಹಣ ಇದೆ, ಯಾವುದಕ್ಕೆ ಇಲ್ಲ, ಕಾಯುವ ಅವಧಿ ಎಷ್ಟು, ದೂರು ಯಾರಿಗೆ ಕೊಡಬೇಕು, ಎಲ್ಲವೂ ಅದರಲ್ಲಿ ಚಿಕ್ಕದಾಗಿ ಇರುತ್ತದೆ. ಪಾಲಿಸಿದಾರರು ಕೇಳಿದರೆ ಈ ಹಾಳೆಯನ್ನು ಸ್ಥಳೀಯ ಭಾಷೆಯಲ್ಲಿ ಕೊಡಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮವೇ ಇದೆ. ವಿಳಾಸ ಕೇರಳದ್ದು ಎಂದು ಮಲಯಾಳದ ಹಾಳೆ ಬರಬಹುದು. ಕನ್ನಡದ್ದು ಬೇಕು ಎಂದು ಇಮೇಲ್ ಮಾಡಿ ಕೇಳಿ. ಓದಲು ಬಾರದ ಕಾಗದಕ್ಕೆ ಸಹಿ ಹಾಕುವ ಅಭ್ಯಾಸ ನಮ್ಮ ಗಡಿಯೂರಿನಲ್ಲಿ ತುಂಬ ಇದೆ. ಅದು ಹೋಗಬೇಕು ಎನ್ನುವುದು ನನ್ನ ಆಸೆ.

ಹಾಳೆ ಸಿಕ್ಕಿದ ಮೇಲೆ ಹಲ್ಲಿನ ಸಾಲು ಎಲ್ಲಿದೆ ಹುಡುಕಿ. ಆಸ್ಪತ್ರೆಗೆ ಸೇರುವ ಮೊದಲಿನ ಮತ್ತು ಬಿಡುಗಡೆ ಆದ ಮೇಲಿನ ಎಷ್ಟು ದಿನದ ಮದ್ದಿಗೆ ಹಣ ಸಿಗುತ್ತದೆ ಎಂದೂ ನೋಡಿ.

ಆರೋಗ್ಯ ಸಂಜೀವನಿ ಎಂಬ ಪಾಲಿಸಿ ತುಂಬ ಜನರ ಹತ್ತಿರ ಇದೆ. 2020ರ ಏಪ್ರಿಲ್‌ನಿಂದ ಬೇರೆ ಬೇರೆ ಕಂಪನಿಗಳು ಇದೇ ಹೆಸರಿನಲ್ಲಿ, ಇದೇ ಷರತ್ತುಗಳಲ್ಲಿ ಕೊಡುತ್ತಿವೆ. ಹಾಗಾಗಿ ಅದನ್ನೇ ಹಿಡಿದು ಹೇಳುತ್ತೇನೆ. ಇದರಲ್ಲಿ ಪೆಟ್ಟಿನಿಂದ ಮಾತ್ರ ಅಲ್ಲ, ಕಾಯಿಲೆಯಿಂದ ಬೇಕಾದ ಹಲ್ಲಿನ ಚಿಕಿತ್ಸೆಗೂ ಹಣ ಇದೆ. ಆದರೆ ಆಸ್ಪತ್ರೆಗೆ ಸೇರಿರಬೇಕು. ಸೇರುವ ಮೊದಲಿನ 30 ದಿನ ಮತ್ತು ಬಿಡುಗಡೆಯ ನಂತರದ 60 ದಿನಗಳ ಮದ್ದು ಲೆಕ್ಕಕ್ಕೆ ಬರುತ್ತದೆ. ಅದೇ ಕಾಯಿಲೆಯ ಮದ್ದು ಆಗಿರಬೇಕು. ಒಪ್ಪಿಗೆಯಾದ ಮೊತ್ತದಲ್ಲಿ ನೂರಕ್ಕೆ 5 ನಿಮ್ಮ ಪಾಲು. ಬಿಡುಗಡೆಯಾದ ಮೇಲೆ 4,000 ರೂಪಾಯಿಯ ಮದ್ದು ತೆಗೆದುಕೊಂಡು, ಎಲ್ಲವೂ ಒಪ್ಪಿಗೆ ಆಯಿತು ಎನ್ನೋಣ. ಕೈಗೆ ಬರುವುದು 3,800.

ದಿನಗಳ ವಿಷಯದಲ್ಲಿ ಎಚ್ಚರ ಬೇಕು. ಮೊದಲೇ ಗೊತ್ತು ಮಾಡಿದ ಆಪರೇಷನ್ ಆದರೆ 48 ಗಂಟೆ ಮುಂಚೆ ಕಂಪನಿಗೆ ತಿಳಿಸಬೇಕು. ತುರ್ತಾಗಿ ಸೇರಿದರೆ 24 ಗಂಟೆಯ ಒಳಗೆ, ಅಷ್ಟರಲ್ಲೇ ಬಿಡುಗಡೆ ಇದ್ದರೆ ಅದಕ್ಕೂ ಮೊದಲು. ಕೈಯಿಂದ ಖರ್ಚು ಮಾಡಿ ಮತ್ತೆ ಪಡೆಯುವುದಾದರೆ ಆಸ್ಪತ್ರೆಯ ಬಿಲ್ಲು ಮತ್ತು ಸೇರುವ ಮೊದಲಿನ ಬಿಲ್ಲುಗಳನ್ನು ಬಿಡುಗಡೆಯಾಗಿ 30 ದಿನದ ಒಳಗೆ ಕೊಡಬೇಕು. ಆಮೇಲಿನ ಮದ್ದಿನ ಬಿಲ್ಲುಗಳನ್ನು, ಆ ಚಿಕಿತ್ಸೆ ಮುಗಿದು 15 ದಿನದ ಒಳಗೆ. ಈ ಎರಡನೆಯದನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಆಸ್ಪತ್ರೆ ಬಿಲ್ಲು ಕ್ಯಾಶ್‌ಲೆಸ್ ಆಯಿತಲ್ಲ, ಹಣ ಕಂಪನಿಯೇ ನೇರ ಕಟ್ಟಿತಲ್ಲ, ಇನ್ನೇನು ಎಂದುಕೊಳ್ಳುತ್ತಾರೆ. ಬಿಡುಗಡೆಯಾದ ಮೇಲಿನ ಮದ್ದಿನ ಹಣ ಬೇರೆ ಅರ್ಜಿ ಹಾಕಿದರೆ ಮಾತ್ರ ಬರುತ್ತದೆ.

ರೂಮಿನ ಬಾಡಿಗೆ ಮಿತಿ ಮೀರಿದರೆ ಬೇರೆ ಬಿಲ್ಲುಗಳನ್ನೂ ಅದೇ ಅನುಪಾತದಲ್ಲಿ ಕಡಿತ ಮಾಡುವ ಪದ್ಧತಿ ಇದೆ, ಅಲ್ವಾ? ಆ ಕಡಿತವನ್ನು ಮದ್ದಿನ ಬಿಲ್ಲಿನ ಮೇಲೆ ಹಾಕುವಂತಿಲ್ಲ. ದವಡೆಗೆ ಹಾಕಿದ ಪ್ಲೇಟ್, ಸ್ಕ್ರೂ ಮೇಲೂ ಹಾಕುವಂತಿಲ್ಲ. ಸ್ಕ್ಯಾನ್, ಎಕ್ಸ್‌ರೇ ಮೇಲೂ ಇಲ್ಲ. ಲೆಕ್ಕದ ಹಾಳೆ ಬಂದಾಗ ಇದೊಂದನ್ನು ತಪ್ಪದೆ ನೋಡಿ.

ಕೆಲಸದ ಕಡೆಯಿಂದ ಬಂದ ಗುಂಪು ಪಾಲಿಸಿಯಲ್ಲಿ, ಇಲ್ಲವೇ ಜಾಸ್ತಿ ಪ್ರೀಮಿಯಂ ಕಟ್ಟಿದ ಪಾಲಿಸಿಯಲ್ಲಿ ಓಪಿ ಸೌಲಭ್ಯ ಇರಬಹುದು. ಇದ್ದರೆ ವರ್ಷಕ್ಕೆ ಎಷ್ಟು, ಹಲ್ಲಿನ ಡಾಕ್ಟರ ಫೀಸು ಮಾತ್ರವಾ ಅಥವಾ ಮದ್ದೂ ಸೇರುತ್ತದಾ, ಯಾವ ಅಂಗಡಿಯಿಂದ ತೆಗೆದುಕೊಳ್ಳಬೇಕು ಎಂದು ಕೇಳಿ. ಕೆಲವದರಲ್ಲಿ ಫೀಸಿಗೆ ಹಣ ಇದ್ದು ಮದ್ದಿಗೆ ಇರುವುದಿಲ್ಲ.

ಸರ್ಕಾರದ ಕಾರ್ಡುಗಳು

ಕೇರಳ ಸರ್ಕಾರದ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿ, ನಾವು ಕಾಸ್ಪ್ ಎನ್ನುವುದು, ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿ ನಡೆಯುವ ಯೋಜನೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಇದೂ ಆಸ್ಪತ್ರೆಗೆ ಸೇರಿದವರಿಗೆ ಮಾತ್ರ. ಹಲ್ಲು ತುಂಬಿಸುವುದು, ರೂಟ್ ಕೆನಾಲ್ ಇದರಲ್ಲಿ ಇಲ್ಲ. ಆದರೆ ಬಾಯಿ ಮತ್ತು ದವಡೆಯ ಆಪರೇಷನ್‌ಗಳಿಗೆ ಪ್ರತ್ಯೇಕ ವಿಭಾಗವೇ ಇದೆ. ದವಡೆ ಮುರಿತ ಅದರಲ್ಲಿ ಬರುತ್ತದೆ.

ಇಲ್ಲಿ ಮದ್ದಿನ ಲೆಕ್ಕ ಖಾಸಗಿ ಪಾಲಿಸಿಯಂತೆ ಅಲ್ಲ. ಪ್ಯಾಕೇಜಿನ ದರದಲ್ಲೇ, ಅಂದರೆ ಒಂದು ಚಿಕಿತ್ಸೆಗೆ ಮೊದಲೇ ಗೊತ್ತು ಮಾಡಿದ ಒಟ್ಟು ಮೊತ್ತದಲ್ಲೇ, ಮದ್ದು ಸೇರಿದೆ. ಸೇರುವ ಮೊದಲಿನ 3 ದಿನ, ಬಿಡುಗಡೆಯ ನಂತರದ 15 ದಿನಗಳ ಮದ್ದೂ ಅದರೊಳಗೆ ಬಂತು. ಅಂದರೆ ಆ ಮದ್ದನ್ನು ಆಸ್ಪತ್ರೆಯೇ ಕೊಡಬೇಕು. "ಹೊರಗಿನಿಂದ ತನ್ನಿ" ಎಂದು ಚೀಟಿ ಕೊಟ್ಟರೆ ಹಣ ಕೊಟ್ಟು ತರುವ ಮೊದಲು ಆಸ್ಪತ್ರೆಯ ಕಾಸ್ಪ್ ಕೌಂಟರಿಗೆ ಹೋಗಿ ಕೇಳಿ. ಕೇಂದ್ರದ ಸಹಾಯವಾಣಿ 14555, ಕೇರಳದ ದಿಶಾ 1056. ಕೆಲವರು ಆಸ್ಪತ್ರೆಯಿಂದ ಬರುವಾಗಲೇ ಚೀಟಿ ಹಿಡಿದುಕೊಂಡು ನಮ್ಮ ಅಂಗಡಿಗೆ ಬರುತ್ತಾರೆ. ಕೈಯಲ್ಲಿ ಕಾಸ್ಪ್ ಕಾರ್ಡ್ ಕಂಡರೆ ನಾನು ಮೊದಲು ಕೇಳುವುದು, "ಆಸ್ಪತ್ರೆಯಲ್ಲಿ ಮದ್ದು ಕೊಡಲಿಲ್ವಾ ಅಣ್ಣಾ?" ಮಾರಾಟ ಆಗುವುದು ನನ್ನ ಅಂಗಡಿಯದ್ದೇ. ಆದರೂ ಕೇಳುತ್ತೇನೆ. ಅವರಿಗೆ ಸಿಗಬೇಕಾದದ್ದು ಸಿಗಬೇಕು.

ಮಂಗಳೂರಿಗೆ ಹೋಗುವವರು ಆ ಆಸ್ಪತ್ರೆಯಲ್ಲಿ ನಿಮ್ಮ ಕಾರ್ಡ್ ನಡೆಯುತ್ತದಾ ಎಂದು ಹೊರಡುವ ಮೊದಲೇ ಫೋನ್ ಮಾಡಿ ಕೇಳಿ. ತಲಪಾಡಿ ದಾಟಿದ ಮೇಲೆ ಎಲ್ಲ ಕಡೆ ಎಲ್ಲ ಕಾರ್ಡೂ ಆಗುವುದಿಲ್ಲ. ಸರ್ಕಾರಿ ನೌಕರರ ಮತ್ತು ಪೆನ್ಶನ್‌ದಾರರ ಮೆಡಿಸೆಪ್‌ಗೂ ಇದೇ ಮಾತು. 2022ರ ಜುಲೈ 1ಕ್ಕೆ ಶುರುವಾದ ಯೋಜನೆ ಅದು. ಮುಖ್ಯವಾಗಿ ಆಸ್ಪತ್ರೆಗೆ ಸೇರಿದವರಿಗೆ ಇರುವುದು. ರಿಟೈರ್ ಆದ ಮಾಷ್ಟ್ರುಗಳು ಕ್ಲಿನಿಕ್ಕಿನ ಚೀಟಿ ತಂದು ಮೆಡಿಸೆಪ್ ಬಗ್ಗೆ ಕೇಳುವುದುಂಟು. ಕ್ಲಿನಿಕ್ಕಿನ ಮದ್ದಿಗೆ ಆಸೆ ಇಟ್ಟುಕೊಳ್ಳಬೇಡಿ ಎಂದೇ ಹೇಳುತ್ತೇನೆ.

ಇ.ಎಸ್.ಐ., ಅಂದರೆ ಕೆಲಸಗಾರರ ಸರ್ಕಾರಿ ವಿಮೆ, ಮಾತ್ರ ಬೇರೆ. ಓಪಿ ಮದ್ದೂ ಸಿಗುವ ವ್ಯವಸ್ಥೆ ಅದು. ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳ ಇರುವವರು ಇದರ ಅಡಿ ಬರುತ್ತಾರೆ. ಸಂಬಳದಿಂದ ನೂರಕ್ಕೆ 0.75 ಕಡಿತ ಆಗುತ್ತದೆ. ಮಾಲೀಕರು 3.25 ಹಾಕುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ನಿಮಗೂ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ಅಂಗಡಿ, ಆಸ್ಪತ್ರೆ, ಕಾರ್ಖಾನೆಗಳಲ್ಲಿ ಕೆಲಸ ಮಾಡುವ ಹುಡುಗಿಯರು ಕಡಿತ ಆಗುವುದನ್ನು ನೋಡಿಯೂ ಅದನ್ನು ಉಪಯೋಗಿಸುವುದಿಲ್ಲ. ಹಲ್ಲು ನೋವಾದರೆ ಮೊದಲು ಇ.ಎಸ್.ಐ. ಡಿಸ್ಪೆನ್ಸರಿಗೆ ಹೋಗಿ. ಅಲ್ಲಿನ ಡಾಕ್ಟರು ಬರೆದ ಮದ್ದು ಅಲ್ಲೇ ಸಿಗುತ್ತದೆ. ಅಲ್ಲಿನ ಪಟ್ಟಿಯಲ್ಲಿರುವ ಮದ್ದನ್ನೇ ಬರೆಯುತ್ತಾರೆ, ಕಂಪನಿ ಹೆಸರು ಬೇರೆ ಇರಬಹುದು. ಅದರಲ್ಲಿ ಹೆದರುವಂಥದ್ದು ಏನಿಲ್ಲ. ಮೊದಲು ಖಾಸಗಿ ಕ್ಲಿನಿಕ್ಕಿಗೆ ಹೋಗಿ, ಆ ಚೀಟಿಯನ್ನು ಇ.ಎಸ್.ಐ.ಗೆ ತಂದು ಮದ್ದು ಕೇಳಿದರೆ ಸಾಮಾನ್ಯವಾಗಿ ಆಗುವುದಿಲ್ಲ.

ಯಾವ ಕಾರ್ಡೂ ಇಲ್ಲದವರಿಗೆ ಸರ್ಕಾರಿ ಆಸ್ಪತ್ರೆಯ ಹಲ್ಲಿನ ವಿಭಾಗ ಇದೆ. ಅಲ್ಲಿನ ಫಾರ್ಮಸಿಯಲ್ಲಿ ಇರುವ ಮದ್ದು ಹಾಗೆಯೇ ಸಿಗುತ್ತದೆ. ಇಲ್ಲದ ಮದ್ದನ್ನು ಕಾರುಣ್ಯ ಫಾರ್ಮಸಿ, ನೀತಿ ಮೆಡಿಕಲ್, ಜನೌಷಧಿ ಅಂಗಡಿಗಳಲ್ಲಿ ಕೇಳಿ. ಅಮಾಕ್ಸಿಸಿಲಿನ್, ಮೆಟ್ರೊನಿಡಜೋಲ್, ಪ್ಯಾರಾಸಿಟಮಾಲ್ ಎಲ್ಲ ಹಳೆಯ ಮದ್ದುಗಳು. ಕಡಿಮೆ ಬೆಲೆಯಲ್ಲಿ ಸಿಗುತ್ತವೆ. ನಿಜ ಹೇಳಬೇಕೆಂದರೆ, ಕ್ಲಿನಿಕ್ಕಿನ ಚೀಟಿಯ ಮದ್ದಿಗೆ ವಿಮೆಯ ಹಿಂದೆ ಓಡುವುದಕ್ಕಿಂತ ಇಲ್ಲಿ ಉಳಿಯುವ ಹಣವೇ ಜಾಸ್ತಿ.

ಚೀಟಿಯಲ್ಲಿ ಏನಿರಬೇಕು

ವಿಮೆಗೆ ಕೊಡುವ ಚೀಟಿ ಎಂದಾದರೆ ಡಾಕ್ಟರ ಎದುರು ಕುಳಿತಾಗಲೇ ನೋಡಿಕೊಳ್ಳಬೇಕು. ರೋಗಿಯ ಹೆಸರು, ತಾರೀಕು, ಡಾಕ್ಟರ ಸಹಿ, ಅವರ ನೋಂದಣಿ ಸಂಖ್ಯೆ ಇರಲೇಬೇಕು. ಕಾಯಿಲೆ ಏನು ಎಂದೂ ಇರಬೇಕು. ಹಲ್ಲಿನ ಡಾಕ್ಟರು ಹಲ್ಲಿಗೆ ಎರಡಂಕಿಯ ಸಂಖ್ಯೆ ಬರೆಯುತ್ತಾರೆ. 36 ಎಂದರೆ ಕೆಳಗಿನ ಎಡಬದಿಯ ಮೊದಲ ದೊಡ್ಡ ದವಡೆ ಹಲ್ಲು. 38 ಮತ್ತು 48 ಎಂದರೆ ಕೆಳಗಿನ ಬುದ್ಧಿ ಹಲ್ಲುಗಳು. ಡಿಸ್ಚಾರ್ಜ್ ಸಮ್ಮರಿಯಲ್ಲಿ 38 ಇದ್ದು, ಆಮೇಲಿನ ಮದ್ದು ಚೀಟಿಯಲ್ಲಿ 48 ಎಂದಿದ್ದರೆ ವಿಮೆಯವರು ಪ್ರಶ್ನೆ ಎತ್ತುತ್ತಾರೆ. ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ.

ಪ್ರತಿ ಮದ್ದಿನ ಎದುರು ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಎಷ್ಟು ದಿನ ಎಂದಿರಬೇಕು. 5 ದಿನಕ್ಕೆ ಬರೆದ ಚೀಟಿಗೆ 10 ದಿನದ ಮಾತ್ರೆ ಕೊಂಡ ಬಿಲ್ಲು ಇಟ್ಟರೆ ಮಿಕ್ಕಿದ್ದನ್ನು ಹೊಡೆದುಹಾಕುತ್ತಾರೆ. ಡಾಕ್ಟರು ಮತ್ತೆ ತೆಗೆದುಕೊಳ್ಳಿ ಎಂದು ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ ಮದ್ದು. ಇದು ಔಷಧ ನಿಯಮದಲ್ಲೇ ಇದೆ. ನಾವು ಸತಾಯಿಸಲು ಹೇಳುವುದಲ್ಲ.

ಹಲ್ಲಿನ ಡಾಕ್ಟರು ಆಂಟಿಬಯೋಟಿಕ್ ಬರೆಯಬಹುದಾ ಎಂದು ಕೆಲವರಿಗೆ ಅನುಮಾನ. ಬರೆಯಬಹುದು. ಔಷಧ ನಿಯಮದ ಪ್ರಕಾರ ನೋಂದಾಯಿತ ದಂತವೈದ್ಯರ ಚೀಟಿಗೆ ಮದ್ದು ಕೊಡಬಹುದು. ಮಂಗಳೂರಿನ ಚೀಟಿಗೆ ಕುಂಬಳೆಯಲ್ಲೂ ಕೊಡಬಹುದು, ರಾಜ್ಯ ಬೇರೆಯಾದರೆ ತೊಂದರೆ ಇಲ್ಲ. ಆದರೆ ಬಿಪಿ, ಶುಗರ್ ಮಾತ್ರೆಗಳನ್ನು ಹಲ್ಲಿನ ಚೀಟಿಯಲ್ಲಿ ಸೇರಿಸಿ ಬರೆಸಬೇಡಿ. ಅವು ನಿಮ್ಮ ಮಾಮೂಲಿ ಡಾಕ್ಟರ ಚೀಟಿಯಲ್ಲೇ ಇರಲಿ. ಹಲ್ಲಿನ ಕ್ಲೇಮಿನಲ್ಲಿ ಅವುಗಳಿಗೆ ಹಣ ಕೊಡುವುದಿಲ್ಲ, ಅವುಗಳಿಂದಾಗಿ ಉಳಿದ ಬಿಲ್ಲೂ ತಡವಾಗುತ್ತದೆ.

ಸೆಫಿಕ್ಸಿಮ್, ಟ್ರಾಮಾಡಾಲ್, ಆಲ್ಪ್ರಜೊಲಾಮ್ ಇಂಥವು ಎಚ್1 ಎಂಬ ಪಟ್ಟಿಯಲ್ಲಿವೆ. 2014ರಿಂದ ಈ ಪಟ್ಟಿ ಜಾರಿಯಲ್ಲಿದೆ. ಇವನ್ನು ಕೊಡುವಾಗ ಡಾಕ್ಟರ ಹೆಸರು, ರೋಗಿಯ ಹೆಸರು, ಮದ್ದು ಎಷ್ಟು ಎಂದು ಅಂಗಡಿಯವರು ಪುಸ್ತಕದಲ್ಲಿ ಬರೆದು 3 ವರ್ಷ ಇಡಬೇಕು. ಹಾಗಾಗಿ ನಾವು ಹೆಸರು ಕೇಳಿದರೆ ಕೋಪ ಮಾಡಿಕೊಳ್ಳಬೇಡಿ.

ಬಿಲ್ಲು ರೋಗಿಯ ಹೆಸರಿನಲ್ಲೇ ಇರಬೇಕು. ಪೈವಳಿಕೆ ಕಡೆಯ ಒಬ್ಬರು ಅಡಿಕೆ ಮರದಿಂದ ಬಿದ್ದು ದವಡೆ ಮುರಿದುಕೊಂಡಿದ್ದರು. ಮದ್ದಿಗೆ ಬರುತ್ತಿದ್ದದ್ದು ಅವರ ಹೆಂಡತಿ. ಬೇರೊಂದು ಕಡೆ ತೆಗೆದುಕೊಂಡ ಬಿಲ್ಲುಗಳಲ್ಲೆಲ್ಲ ಆಕೆಯ ಹೆಸರೇ ಇತ್ತು. ಕೌಂಟರಿನಲ್ಲಿ ಹೆಸರು ಕೇಳಿದಾಗ ತನ್ನದನ್ನೇ ಹೇಳಿದ್ದಾರೆ, ಪಾಪ. ವಿಮೆಯವರು ಅವನ್ನು ವಾಪಸ್ ಕಳಿಸಿದರು. ಆಕೆ ಆ ಅಂಗಡಿಗೆ ಮತ್ತೆ ಹೋಗಿ ಸರಿ ಮಾಡಿಸಿಕೊಂಡು ಬರಬೇಕಾಯಿತು. ನೀವು ಯಾರಿಗಾಗಿ ಮದ್ದು ತೆಗೆದುಕೊಂಡರೂ ರೋಗಿಯ ಹೆಸರು, ಚೀಟಿ ಬರೆದ ಡಾಕ್ಟರ ಹೆಸರು ಎರಡನ್ನೂ ಹೇಳಿ ಬಿಲ್ಲು ಮಾಡಿಸಿ. ಬ್ಯಾಚ್ ನಂಬರ್, ಎಕ್ಸ್‌ಪೈರಿ ತಾರೀಕು, ಅಂಗಡಿಯ ಲೈಸೆನ್ಸ್ ನಂಬರ್ ಇರುವ ಅಚ್ಚಿನ ಬಿಲ್ಲೇ ಬೇಕು. ತುಂಡು ಕಾಗದದಲ್ಲಿ ಕೂಡಿಸಿ ಬರೆದ ಲೆಕ್ಕ ನಡೆಯುವುದಿಲ್ಲ.

ಯಾವ ಮದ್ದನ್ನು ಹೊಡೆದುಹಾಕುತ್ತಾರೆ

ಆಸ್ಪತ್ರೆಗೆ ಸೇರಿದ್ದರೂ ಎಲ್ಲದಕ್ಕೂ ಹಣ ಬರುವುದಿಲ್ಲ. ವಿಮಾ ಪ್ರಾಧಿಕಾರದ್ದೇ ಪಟ್ಟಿಗಳಿವೆ. ಬಾಯಿ ಮುಕ್ಕಳಿಸುವ ಆಂಟಿಸೆಪ್ಟಿಕ್ ಮದ್ದು, ಚೀಪುವ ಮಾತ್ರೆ, ಬಾಯಿಗೆ ಹಚ್ಚುವ ಪೇಂಟ್, ಇವೆಲ್ಲ ಚಿಕಿತ್ಸೆಯ ಖರ್ಚಿನೊಳಗೇ ಸೇರಿದವು ಎಂದು ಆ ಪಟ್ಟಿ ಹೇಳುತ್ತದೆ. ಆಸ್ಪತ್ರೆ ಅವಕ್ಕೆ ಬೇರೆ ಬಿಲ್ಲು ಹಾಕಿದರೆ ವಿಮೆ ಕೊಡುವುದಿಲ್ಲ. ಟೂತ್‌ಪೇಸ್ಟ್, ಬ್ರಶ್ ರೂಮಿನ ಬಾಡಿಗೆಯೊಳಗೆ ಸೇರಿದವು. ಹಲ್ಲಿನ ಚಿಕಿತ್ಸೆಯಲ್ಲಿ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಇಲ್ಲದ ಚೀಟಿಯೇ ಕಡಿಮೆ. ಹಾಗಾಗಿ ಈ ಕಡಿತ ಹೆಚ್ಚಿನವರಿಗೆ ತಾಗುತ್ತದೆ.

ವಿಟಮಿನ್, ಮಿನರಲ್, ಚೀಟಿ ಇಲ್ಲದೆಯೇ ಸಿಗುವ ಪೂರಕಗಳು ಇನ್ನೊಂದು ಗುಂಪು. ಇವಕ್ಕೆ ಹಣ ಇಲ್ಲ. ಆಸ್ಪತ್ರೆಯ ಅಥವಾ ಡೇ ಕೇರ್ ಕ್ಲೇಮಿನ ಭಾಗವಾಗಿ ಡಾಕ್ಟರು ಬರೆದಿದ್ದರೆ ಮಾತ್ರ ಉಂಟು. ಬಿ ಕಾಂಪ್ಲೆಕ್ಸ್ ಬೇಕೇ ಬೇಕು ಎಂದಾದರೆ ಡಿಸ್ಚಾರ್ಜ್ ಸಮ್ಮರಿಯ ಮದ್ದಿನ ಪಟ್ಟಿಯಲ್ಲೇ ಬರೆಸಿ.

ಇನ್ನು ಹೇಳುವುದು ಹಣದ ಮಾತಲ್ಲ. ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಇದು.

ಕ್ಲೇಮ್ ಸಿಗುತ್ತದೆ ಎಂದು ಗೊತ್ತಾದ ಕೂಡಲೇ ಜನ ಜಾಸ್ತಿ ಮದ್ದು ಬರೆಸಲು ಹೊರಡುತ್ತಾರೆ. "ಪವರ್ ಇರುವುದು ಕೊಡಿ ಡಾಕ್ಟ್ರೇ" ಎನ್ನುತ್ತಾರೆ. ಅದು ಬೇಡ. ತಣ್ಣೀರು ತಾಗಿದರೆ ಹಲ್ಲು ಜುಮ್ಮೆನ್ನುವುದು, ರಾತ್ರಿ ಮಲಗಿದಾಗ ಹಲ್ಲಿನ ನರ ಮಿಡಿಯುವಂಥ ನೋವು, ಇವಕ್ಕೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಹಲ್ಲಿನ ಒಳಗೆ ಆಗಬೇಕಾದ ಕೆಲಸ ಆಗಲೇಬೇಕು. ತುಂಬಿಸುವುದೋ, ರೂಟ್ ಕೆನಾಲೋ, ಕೀಳುವುದೋ ಡಾಕ್ಟರು ಹೇಳುತ್ತಾರೆ. ಅಮೆರಿಕದ ದಂತವೈದ್ಯರ ಸಂಘ 2019ರಲ್ಲಿ ಕೊಟ್ಟ ಮಾರ್ಗದರ್ಶಿಯೂ ಇದನ್ನೇ ಹೇಳುತ್ತದೆ. ಜ್ವರ, ಮೈ ಕೈ ಸೋಲು, ಹರಡುವ ಬಾವು ಇಲ್ಲದಿದ್ದರೆ, ಹಲ್ಲಿನ ಚಿಕಿತ್ಸೆ ತಕ್ಷಣ ಮಾಡಲು ಆಗುವಂತಿದ್ದರೆ, ಇಂಥ ನೋವಿಗೆ ಆಂಟಿಬಯೋಟಿಕ್ ಬೇಡ ಎಂದು. ಬೇಕಾದಾಗ ಕೊಟ್ಟರೂ 3ರಿಂದ 7 ದಿನ, ಮೂರನೆಯ ದಿನ ಮತ್ತೆ ವಿಚಾರಿಸಿ ನೋಡಬೇಕು ಎನ್ನುತ್ತದೆ.

ಕೇರಳದಲ್ಲಿ ಆಪರೇಷನ್ ಅಮೃತ್ ಎಂದು 2024ರಿಂದ ಮದ್ದಿನಂಗಡಿಗಳ ತಪಾಸಣೆ ನಡೆಯುತ್ತಿದೆ. ಚೀಟಿ ಇಲ್ಲದೆ ಆಂಟಿಬಯೋಟಿಕ್ ಕೊಡುವಂತಿಲ್ಲ. ನೀಲಿ ಕವರಿನಲ್ಲಿ ಹಾಕಿ ಕೊಡುವ ಕ್ರಮವೂ ಬಂದಿದೆ. ಹಳೆಯ ಚೀಟಿಯ ಫೋಟೊ ಮೊಬೈಲಿನಲ್ಲಿ ತೋರಿಸಿ "ಕಳೆದ ಸಲದ ಗುಳಿಗೆಯೇ ಕೊಡಿ" ಎನ್ನುವವರಿಗೆ ನಾನು ಕೊಡುವುದಿಲ್ಲ. ಬಾವು ಇದ್ದಾಗ ಎರಡು ದಿನ ನುಂಗಿ, ಕಡಿಮೆಯಾದ ಮೇಲೆ ಹಲ್ಲಿನ ಕೆಲಸ ಮಾಡಿಸದೆ ಬಿಟ್ಟರೆ ಕೀವು ಮತ್ತೆ ಬರುತ್ತದೆ. ಆಗ ಅದೇ ಮಾತ್ರೆ ಕೆಲಸ ಮಾಡದೇ ಹೋಗಬಹುದು.

ನೋವಿನ ಮಾತ್ರೆಯಲ್ಲೂ ಮಿತಿ ಇದೆ. ಕೆಟೊರೊಲ್ಯಾಕ್ ಬೇಗ ಹಿಡಿತ ಕೊಡುತ್ತದೆ, ಅದಕ್ಕೇ ಜನ ಮತ್ತೆ ಮತ್ತೆ ಕೇಳುತ್ತಾರೆ. 5 ದಿನಕ್ಕಿಂತ ಜಾಸ್ತಿ ತೆಗೆದುಕೊಳ್ಳಬಾರದು. ಮೂತ್ರಪಿಂಡದ ತೊಂದರೆ, ಹೊಟ್ಟೆ ಹುಣ್ಣು ಇರುವವರು ಡಾಕ್ಟರಿಗೆ ಮೊದಲೇ ಹೇಳಿ. ನಿಮಿಸುಲೈಡ್ ಅನ್ನು 12 ವರ್ಷದ ಒಳಗಿನ ಮಕ್ಕಳಿಗೆ ಕೊಡುವುದನ್ನು 2011ರಲ್ಲೇ ನಿಷೇಧ ಮಾಡಿದ್ದಾರೆ. ದೊಡ್ಡವರಿಗೆ ಬರೆದದ್ದನ್ನು ಅರ್ಧ ಮುರಿದು ಮಗುವಿಗೆ ಕೊಡಬೇಡಿ. ಹೃದಯದ ತೊಂದರೆಗೆ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಆ ಚೀಟಿಯನ್ನು ಹಲ್ಲಿನ ಡಾಕ್ಟರಿಗೆ ತೋರಿಸಲೇಬೇಕು. ವಾರ್ಫರಿನ್ ಜೊತೆ ಮೆಟ್ರೊನಿಡಜೋಲ್ ಸೇರಿದರೆ ರಕ್ತಸ್ರಾವದ ಅಪಾಯ ಜಾಸ್ತಿ. ಮೆಟ್ರೊನಿಡಜೋಲ್ ನುಂಗುವಾಗ ಕಳ್ಳು, ಮದ್ಯ ಮುಟ್ಟಬಾರದು.

ಬಾಯಿ ಹುಣ್ಣಿಗೆ ಹಚ್ಚುವ ಜೆಲ್ ತೆಗೆದುಕೊಂಡು ಹೋಗಿ ಮತ್ತೆ ಬರುವವರಿಗೂ ಒಂದು ಮಾತು. ಎಲೆ ಅಡಿಕೆ, ಹೊಗೆಸೊಪ್ಪು ತಿನ್ನುವವರು ನಮ್ಮಲ್ಲಿ ಬಹಳ. ಎರಡು ವಾರದಲ್ಲಿ ಮಾಯದ ಹುಣ್ಣಿಗೆ ನಾನು ಜೆಲ್ ಕೊಡುವುದಿಲ್ಲ. ಡಾಕ್ಟರಿಗೆ ತೋರಿಸಿ ಎನ್ನುತ್ತೇನೆ. ಅದು ಕ್ಯಾನ್ಸರ್ ಎಂದಾದರೆ ಕ್ಯಾನ್ಸರ್ ಚಿಕಿತ್ಸೆಯ ಲೆಕ್ಕದಲ್ಲೇ ನೋಡುತ್ತಾರೆ. ಬಾಯಿಯೊಳಗೆ ಆಗಿದೆ, ಹಲ್ಲಿನದ್ದು ಎಂದು ವಿಮೆ ಇಲ್ಲ ಎಂದುಕೊಂಡು ತಡ ಮಾಡಬೇಡಿ.

ಆಸ್ಪತ್ರೆಗೆ ಓಡಲೇಬೇಕಾದ ಸಂದರ್ಭವೂ ಇದೆ. ಹಲ್ಲಿನ ಸೋಂಕು ಕೆಳದವಡೆಯ ಅಡಿಗೆ, ಕುತ್ತಿಗೆಗೆ ಇಳಿದು ಬಾತುಕೊಂಡರೆ, ಬಾಯಿ ತೆರೆಯಲು ಆಗದಿದ್ದರೆ, ಎಂಜಲು ನುಂಗಲು ಕಷ್ಟವಾದರೆ, ಉಸಿರು ಸಿಕ್ಕಿಕೊಂಡಂತಾದರೆ ಒಂದು ಗಂಟೆಯೂ ಕಾಯಬೇಡಿ. ಮದ್ದಿನಂಗಡಿಗೂ ಬರಬೇಡಿ. ಇಂಥವರನ್ನು ಆಸ್ಪತ್ರೆಗೆ ಸೇರಿಸಿ ಇಂಜೆಕ್ಷನ್‌ನಲ್ಲೇ ಮದ್ದು ಕೊಡಬೇಕಾಗುತ್ತದೆ. ಕಾರ್ಡ್, ಪಾಲಿಸಿ ಆಮೇಲೆ ಮನೆಯವರು ತರಲಿ.

ಇದಕ್ಕೆ ಉಲ್ಟಾ ಇನ್ನೊಂದು. ರೂಟ್ ಕೆನಾಲ್‌ಗೆ ಒಂದು ರಾತ್ರಿ ಅಡ್ಮಿಟ್ ಮಾಡಿಸಿದರೆ ವಿಮೆ ಸಿಗುತ್ತದೆ ಎಂದು ಹೇಳುವವರು ಸಿಗುತ್ತಾರೆ. ಕೇಳಬೇಡಿ. ಅಗತ್ಯವಿಲ್ಲದೆ ಸೇರಿದ್ದು ಗೊತ್ತಾದರೆ ಕ್ಲೇಮ್ ಹೋಗುತ್ತದೆ, ಮೋಸವೆಂದು ಪಾಲಿಸಿಯೇ ರದ್ದಾಗಬಹುದು. ನಾಳೆ ನಿಜವಾಗಿ ಬೇಕಾದಾಗ ಮನೆಯವರಿಗೆಲ್ಲ ಏನೂ ಇಲ್ಲದಂತಾಗುತ್ತದೆ.

ಇಲ್ಲ ಎಂದು ಬಂದರೆ

ಕ್ಲೇಮ್ ತಿರಸ್ಕಾರ ಮಾಡುವಾಗ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ಕಂಪನಿ ಬರೆದು ತಿಳಿಸಬೇಕು. 2024ರ ಮೇ ತಿಂಗಳ ಸುತ್ತೋಲೆಯಲ್ಲಿ ಪ್ರಾಧಿಕಾರ ಇದನ್ನು ಸ್ಪಷ್ಟವಾಗಿ ಹೇಳಿದೆ. ಕಂಪನಿಯ ಪರಿಶೀಲನಾ ಸಮಿತಿ ನೋಡದೆ ತಿರಸ್ಕಾರ ಮಾಡುವಂತೆಯೂ ಇಲ್ಲ. "ಹಲ್ಲಿನ ಚಿಕಿತ್ಸೆಗೆ ಇಲ್ಲ" ಎಂದು ಒಂದೇ ಸಾಲು ಬಂದರೆ ಷರತ್ತಿನ ಸಂಖ್ಯೆ ಕೇಳಿ. ಅದನ್ನು ನಿಮ್ಮ ಹಾಳೆಯ ಹಲ್ಲಿನ ಸಾಲಿನ ಜೊತೆ ಇಟ್ಟು ಓದಿ. ಪೆಟ್ಟಿನಿಂದ ಆದದ್ದು ಎಂದಿದ್ದರೂ ಮಾಮೂಲಿ ಹಲ್ಲಿನ ಚಿಕಿತ್ಸೆಯ ಲೆಕ್ಕಕ್ಕೆ ಹಾಕಿ ತಿರಸ್ಕರಿಸಿದ್ದರೆ ಡಿಸ್ಚಾರ್ಜ್ ಸಮ್ಮರಿಯ ಆ ಸಾಲಿಗೆ ಗೆರೆ ಎಳೆದು ಮತ್ತೆ ಕಳಿಸಿ.

ಮೊದಲ ದೂರು ಕಂಪನಿಯ ಕುಂದುಕೊರತೆ ಅಧಿಕಾರಿಗೆ. ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲಿಯೂ ಹಾಕಬಹುದು, 155255ಕ್ಕೆ ಫೋನ್ ಮಾಡಿಯೂ ಹೇಳಬಹುದು. ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿ ಎನಿಸದಿದ್ದರೆ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಕಂಪನಿಯ ಮೇಲಿನ ದೂರು ಕೇಳಿ ತೀರ್ಮಾನ ಕೊಡುವವರು ಇವರು. ಕೇರಳದವರಿಗೆ ಕೊಚ್ಚಿಯ ಕಚೇರಿ. ಚಿಕಿತ್ಸೆ ಮಂಗಳೂರಿನಲ್ಲಿ ಆಗಿದ್ದರೂ ನೀವು ಕಾಸರಗೋಡಿನಲ್ಲಿ ಇರುವವರಾದರೆ ಅಲ್ಲಿಗೇ ಬರೆಯಬಹುದು. ಫೀಸು ಇಲ್ಲ, ವಕೀಲರು ಬೇಡ. ಕಂಪನಿಯ ಕೊನೆಯ ಉತ್ತರ ಬಂದು ಒಂದು ವರ್ಷದ ಒಳಗೆ ದೂರು ಕೊಡಬೇಕು. 50 ಲಕ್ಷದವರೆಗಿನ ವಿಷಯ ನೋಡುತ್ತಾರೆ. ನಿಮ್ಮದು ಮೂರು ಸಾವಿರದ ಮದ್ದಿನ ಬಿಲ್ಲಾದರೂ ಹಿಂಜರಿಯಬೇಡಿ. ಅದಕ್ಕೂ ಅಲ್ಲಿ ಜಾಗ ಇದೆ.

ಕಾಸ್ಪ್‌ನಂಥ ಸರ್ಕಾರಿ ಯೋಜನೆಯ ದೂರನ್ನು ಕನ್ನಡದಲ್ಲೇ ಬರೆಯಿರಿ. ದೇಶದ ಅಥವಾ ರಾಜ್ಯದ ಯಾವ ಅಧಿಕಾರಿಗಾದರೂ ತನ್ನ ತೊಂದರೆಯನ್ನು ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಹೇಳಿಕೊಳ್ಳಬಹುದು ಎಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಮಲಯಾಳ ಬರೆಯಲು ಬಾರದು ಎಂಬ ಒಂದೇ ಕಾರಣಕ್ಕೆ ದೂರು ಕೊಡದೆ ಬಿಟ್ಟ ಹಿರಿಯರು ನಮ್ಮ ಕಡೆ ಇದ್ದಾರೆ. ಹೇಳಲು ಬರುವ ಭಾಷೆಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಯಾವ ದಿನ ಸೇರಿದ್ದು, ಯಾವ ದಿನ ಬಿಡುಗಡೆ, ಯಾವ ಮದ್ದನ್ನು ಹೊರಗಿನಿಂದ ತರಲು ಹೇಳಿದರು, ಎಷ್ಟು ಹಣ ಹೋಯಿತು, ಇಷ್ಟು ಇದ್ದರೆ ಸಾಕು. ಮೂಲ ಚೀಟಿ, ಬಿಲ್ಲುಗಳನ್ನು ಕೊಡುವ ಮೊದಲು ಎಲ್ಲದರ ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ. ಮದ್ದಿನ ಬಿಲ್ಲಿನ ಶಾಯಿ ಕೆಲವು ತಿಂಗಳಲ್ಲೇ ಮಾಸಿಹೋಗುತ್ತದೆ. ಹಾಗಾಗಿ ತೆಗೆದುಕೊಂಡ ದಿನವೇ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ.